ಸಹಾಯ ಬೇಕು: ಮಗನ ಐಸ್ ಹಾಕಿ ಸ್ಟಿಕ್‌ಗೆ ಯಾವ ಕರ್ವ್, ಎಷ್ಟು ಫ್ಲೆಕ್ಸ್?

ಎಲ್ಲರಿಗೂ ನಮಸ್ಕಾರ. ನಾವಿರೋದು ಕೆನಡಾದ ಮಿಸಿಸಾಗಾದಲ್ಲಿ. ಮಗನಿಗೆ 13 ವರ್ಷ, ತೂಕ 115 ಪೌಂಡ್, ವಿಂಗ್‌ನಲ್ಲಿ (ಅಂಚಿನ ಫಾರ್ವರ್ಡ್ ಆಗಿ) ಆಡ್ತಾನೆ.

ಈ ಸೀಸನ್‌ಗೆ ಅಂತ ಪಿ28 ಕರ್ವ್ (ಬ್ಲೇಡ್ ಬಾಗಿರೋ ರೀತಿಗೆ ಕೊಡೋ ಮಾದರಿ ಹೆಸರು), 65 ಫ್ಲೆಕ್ಸ್ (ಸ್ಟಿಕ್ಕಿನ ಗಡಸುತನ) ಇರೋ ಸ್ಟಿಕ್ ಕೊಡಿಸಿದೆ. ಉದ್ದ ಜಾಸ್ತಿ ಆಯ್ತು ಅಂತ ಎರಡು ಇಂಚು ಕೊಯ್ಸಿದ್ವಿ. ಕೊಯ್ದಷ್ಟೂ ಶಾಫ್ಟ್ (ಸ್ಟಿಕ್ಕಿನ ಉದ್ದನೆ ಕೋಲು) ಗಡುಸಾಗುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಫ್ಲೆಕ್ಸ್ ಅಂದರೆ ಶಾಫ್ಟನ್ನು ಒಂದು ಇಂಚು ಬಗ್ಗಿಸೋಕೆ ಎಷ್ಟು ಪೌಂಡ್ ಬಲ ಬೇಕು ಅನ್ನೋ ಲೆಕ್ಕ. ಮೈತೂಕದ ಅರ್ಧದಷ್ಟಿರಲಿ ಅಂತಾರೆ. ಹಾಗೆ ನೋಡಿದ್ರೆ ಇವನಿಗೆ 55 ಸಾಕಿತ್ತು. ಈಗ ರಿಸ್ಟ್ ಶಾಟ್‌ಗೆ (ಮಣಿಕಟ್ಟು ತಿರುಗಿಸಿ ಹೊಡೆಯೋದು) ಎಷ್ಟು ಒತ್ತಿದರೂ ಸ್ಟಿಕ್ ಬಾಗೋದೇ ಇಲ್ಲ.

ಬ್ಲೇಡಿನದು ಬೇರೆ ತೊಂದರೆ. ಪಿ28 ತುದಿಯಲ್ಲಿ ಬಾಗಿ, ಮುಖ ಮೇಲಕ್ಕೆ ತೆರೆದಿರುತ್ತೆ. ಗೋಲಿನ ಹತ್ತಿರ ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ಬೇಗ ಏಳುತ್ತೆ ನಿಜ, ಆದರೆ ಸ್ವಲ್ಪ ದೂರದಿಂದ ಹೊಡೆದ್ರೆ ಕ್ರಾಸ್‌ಬಾರ್ ದಾಟಿ ಹೋಗುತ್ತೆ. ಬ್ಲೇಡಿನ ಹಿಂಬದಿಯಿಂದ ಕೊಡೋ ಬ್ಯಾಕ್‌ಹ್ಯಾಂಡ್ ಪಾಸ್ ಹಿಡಿತಕ್ಕೇ ಸಿಗ್ತಿಲ್ಲ. ಪಂದ್ಯ ಮುಗಿಸಿ ಕಾರಲ್ಲಿ ಮಾತಿಲ್ಲದೆ ಕೂತಿರ್ತಾನೆ, ನೋಡೋಕೆ ಆಗಲ್ಲ.

ನಾನು ಕೊಡಗಿನಲ್ಲಿ ಹಾಕಿ ಆಡಿ ಬೆಳೆದವನು. ಅಲ್ಲಿ ಎಡಗೈಯವರಿಗೂ ಬಲಗೈ ಸ್ಟಿಕ್ಕೇ, ಚೆಂಡು ತಾಗಬೇಕಾದ್ದು ಚಪ್ಪಟೆ ಮಗ್ಗುಲಿಗೆ ಮಾತ್ರ. ಆ ಅನುಭವ ಇಲ್ಲಿ ನೆರವಿಗೆ ಬರ್ತಿಲ್ಲ.

ಮುಖ ಇದಕ್ಕಿಂತ ಕಡಿಮೆ ತೆರೆದಿರೋ ಪಿ92 ಕರ್ವ್ ತಗೊಂಡ್ರೆ ಸಾಕಾ, ಇಲ್ಲಾ ಮುಖ ಇನ್ನೂ ಮುಚ್ಚಿರೋ ಪಿ88ಕ್ಕೇ ಹೋಗ್ಲಾ? ಸ್ಟಿಕ್ ಹಿಂದಕ್ಕೆತ್ತಿ ಬೀಸಿ ಹೊಡೆಯೋ ಸ್ಲಾಪ್ ಶಾಟ್ ಕಡಿಮೆ, ಹಾಗಾಗಿ ಶಾಫ್ಟ್ ಬ್ಲೇಡಿನ ಹತ್ತಿರವೇ ಬಾಗೋ ಲೋ ಕಿಕ್ ಪಾಯಿಂಟ್ ಸರಿ ಅನ್ಸುತ್ತೆ. ಮತ್ತೆ ಕೊಯ್ಯಬೇಕಾಗಿ ಬಂದ್ರೆ ಅಂತ 50 ಫ್ಲೆಕ್ಸಿನದೇ ತರ್ಲಾ? ಮಕ್ಕಳಿಗೆ ಕರ್ವ್ ಬದಲಿಸಿದವರು, ಕೈ ಹೊಂದೋಕೆ ಎಷ್ಟು ವಾರ ಹಿಡೀತು ಅಂತಾನೂ ದಯವಿಟ್ಟು ಹೇಳಿ.