ಪದಚರ್ಚೆ: ‘ಕ್ಲೈಮೇಟ್ ರಿಸ್ಕ್’ಗೆ ‘ಹವಾಮಾನ ಅಪಾಯ’ ಸಾಕೇ? ಅಪಾಯ ಯಾರಿಗೆ?

ಗೆಳೆಯರೇ, ನಮಸ್ಕಾರ.

ಮೂಡಿಗೆರೆ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮದು ಸಣ್ಣ ಕಾಫಿ ತೋಟ. ಅದರ ಜೊತೆಗೆ ಇಲ್ಲಿನ ಸಣ್ಣ ಬೆಳೆಗಾರರ ಒಂದು ಗುಂಪಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ಯೂರೋಪಿಗೆ ಮಾಲು ಕಳಿಸುವವರು ಕೊಡುವ ಇಂಗ್ಲಿಷ್ ಫಾರಂಗಳನ್ನು ಕನ್ನಡಕ್ಕೆ ತರುವುದು ಎರಡು ವರ್ಷದಿಂದ ನನ್ನ ಪಾಲಿಗೆ ಬಂದ ಕೆಲಸ. ಅದರಲ್ಲಿ ಕೆಲವು ಪದಗಳು ನನಗೆ ಇನ್ನೂ ಬಗೆಹರಿದಿಲ್ಲ. ನಿಘಂಟು ನೋಡಿದರೆ ಪದ ಸಿಗುತ್ತೆ, ಆದರೆ ಆ ಪದ ತೋಟದಲ್ಲಿ ಕೆಲಸ ಮಾಡಲ್ಲ.

ಆಗಿದ್ದು ಹೀಗೆ. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಗೋಣಿಬೀಡು ಹತ್ತಿರ ಒಬ್ಬ ಹಿರಿಯರ ಮನೆಗೆ ಫಾರಂ ಹಿಡಿದು ಹೋಗಿದ್ದೆ. ಕಣದ ತುಂಬ ರೋಬಸ್ಟಾ ಚೆರ್ರಿ (ಒಣಗಲು ಹಾಕಿದ ಕಾಫಿ ಹಣ್ಣು) ಹರಡಿತ್ತು. ಅವರು ಬರಿಗಾಲಲ್ಲೇ ಅದನ್ನು ಸಾಲು ಹೊಡೆಯುತ್ತಾ ಮಾತಾಡುತ್ತಿದ್ದರು. ನಾನು ಓದಿದೆ: ‘ನಿಮ್ಮ ಜಮೀನಿಗೆ ಇರುವ ಹವಾಮಾನ ಅಪಾಯಗಳನ್ನು ತಿಳಿಸಿ.’ ಅವರು ಕಾಲು ನಿಲ್ಲಿಸಿ ನನ್ನ ಮುಖ ನೋಡಿದರು. “ಅಪಾಯ ಅಂದ್ರೆ ಆನೆ ಕಣಮ್ಮ. ಹವಾಮಾನಕ್ಕೇನು, ಚೆನ್ನಾಗೇ ಇದ್ಯಲ್ಲ, ಒಳ್ಳೆ ಬಿಸಿಲು” ಅಂದರು.

ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಎರಡು ಪದ ಕೊಟ್ಟಿದ್ದೆ, ಎರಡೂ ಬೇರೆ ಕಡೆಗೆ ಕರೆದುಕೊಂಡು ಹೋದವು.

ಮೊದಲು ‘ಹವಾಮಾನ’. ಶಾಲೆಯ ಭೂಗೋಳದ ಪಾಠದಲ್ಲಿ ನಾವೆಲ್ಲ ಓದಿದ್ದು ಇವತ್ತಿನ ಮಳೆಬಿಸಿಲಿಗೆ ಹವಾಮಾನ, ಒಂದು ಪ್ರದೇಶದ ಬಹುವರ್ಷಗಳ ಸರಾಸರಿಗೆ ವಾಯುಗುಣ ಅಂತ. ಪತ್ರಿಕೆಗಳು ಮಾತ್ರ ‘ಹವಾಮಾನ ಬದಲಾವಣೆ’ ಅಂತ ಬರೆದು ಬರೆದು ಅದನ್ನೇ ರೂಢಿ ಮಾಡಿಬಿಟ್ಟವು. ಆದರೆ ಇಲ್ಲಿ ಅಡಿಕೆ, ಮೆಣಸಿಗೆ ಬರುವ ‘ಹವಾಮಾನ ಆಧಾರಿತ ಬೆಳೆ ವಿಮೆ’ಯಲ್ಲಿ ಹವಾಮಾನ ಅಂದರೆ ಆ ಹಂಗಾಮಿನ ಮಳೆಯ ಲೆಕ್ಕ. ಒಂದೇ ಮನೆಯ ಮೇಜಿನ ಮೇಲೆ ಎರಡು ಕಾಗದ, ಒಂದೇ ಪದ, ಎರಡು ಅರ್ಥ.

ನಮ್ಮ ಕಡೆ ಸುಮಾರು ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತೆ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನಲ್ಲಿ ಬರೆದಿಡುವುದು. ಅಪ್ಪ ಬರೆದದ್ದು, ಅಜ್ಜ ಬರೆದದ್ದು ಕೂಡ ಇಟ್ಟುಕೊಂಡವರಿದ್ದಾರೆ. ಆ ಹಿರಿಯರಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: ಇವತ್ತಿನ ಸಾಲು ಹವಾಮಾನ, ಇಡೀ ಪುಸ್ತಕ ವಾಯುಗುಣ. ತಕ್ಷಣ ಅವರಿಗೆ ಗೊತ್ತಾಯಿತು. ಒಳಗೆ ಹೋಗಿ ಪುಸ್ತಕ ತಂದರು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ್ಯಾವ ವರ್ಷ ಹಿಂದೆ ಮುಂದೆ ಆಗಿದೆ, ಯಾವ ವರ್ಷ ಕುಯ್ಲಿನ ಹೊತ್ತಲ್ಲೇ ಮಳೆ ಹಿಡಿದು ಹಣ್ಣು ಉದುರಿದೆ ಅಂತ ಬೆರಳಿಟ್ಟು ತೋರಿಸಿದರು. ಫಾರಂ ಕೇಳುತ್ತಿದ್ದದ್ದು ಅದನ್ನೇ. ಹಾಗಾಗಿ ನಾನು ‘ವಾಯುಗುಣ’ದ ಕಡೆ ವಾಲಿದ್ದೇನೆ. ರೂಢಿಯನ್ನು ಎದುರು ಹಾಕಿಕೊಳ್ಳುವುದು ಸರಿಯೇ ಅಂತ ನಿಮ್ಮನ್ನು ಕೇಳಬೇಕು.

ಇನ್ನು ‘ಅಪಾಯ’. ನಿಜವಾದ ಕಷ್ಟ ಇಲ್ಲಿರುವುದು.

ನಮ್ಮ ಮಾತಿನಲ್ಲಿ ಅಪಾಯ ಎದುರಿಗೆ ಬಂದು ನಿಂತಿರುವಂಥದ್ದು. ಮಾರುಕಟ್ಟೆಯವರ ‘ರಿಸ್ಕ್’ ಇನ್ನೂ ಆಗದೇ ಇರುವ ನಷ್ಟ. ಅದಕ್ಕೆ ಇವತ್ತೇ ಬೆಲೆ ಕಟ್ಟಿಬಿಡುತ್ತಾರೆ. 2021ರ ಜುಲೈ 20ರಂದು ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟುಹೋಯಿತು. (ಇದಕ್ಕೂ ನಮ್ಮಲ್ಲಿ ಒಂದು ಒಳ್ಳೆ ಪದ ಬೇಕು. ‘ಹಿಮಪಾತ’ ಅಂತ ಬರೆದದ್ದನ್ನು ಓದಿದ್ದೇನೆ, ಅದು ಬೇರೆಯೇ.) ಆ ಚಳಿ ಜಾಸ್ತಿ ಕೆಡಿಸಿದ್ದು ಮುಂದಿನ ವರ್ಷದ ಫಸಲನ್ನು. ಆದರೂ ಅದೇ ವಾರ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 2 ಡಾಲರ್ ದಾಟಿತು. 1975ರ ಜುಲೈನಲ್ಲೂ ಹೀಗೇ ಆಗಿತ್ತು. ಆ ಚಳಿಯ ನಂತರ ಏರಿದ ಬೆಲೆ 1977ರಲ್ಲಿ ಮುಟ್ಟಿದ ಎತ್ತರವನ್ನು ದಾಟಲು 2024ರ ಕೊನೆಯವರೆಗೆ ಕಾಯಬೇಕಾಯಿತು. 2025ರ ಫೆಬ್ರವರಿಯಲ್ಲಿ ಬೆಲೆ 4 ಡಾಲರ್ ಕೂಡ ದಾಟಿತು. ಅದರ ಹಿಂದಿನ ದೊಡ್ಡ ಕಾರಣ ಬ್ರೆಜಿಲ್‌ನ ಬರ. ಆಗ ಇಲ್ಲಿ ಮನೆಮನೆಯಲ್ಲೂ ಬೆಳಗಾದರೆ ‘ಟರ್ಮಿನಲ್ ಎಷ್ಟಾಯ್ತು?’ ಅನ್ನುವುದೇ ಮಾತು. (ಟರ್ಮಿನಲ್ ಅಂದರೆ ವಿದೇಶಿ ಮಾರುಕಟ್ಟೆಯ ಕಾಫಿ ಬೆಲೆ.) ಅಲ್ಲಿ ಮಳೆ ಬರದಿದ್ದರೆ ಇಲ್ಲಿ ಮೂಟೆಯ ರೇಟು ಏರುತ್ತೆ. ಅಲ್ಲಿ ಮಳೆ ಬರುತ್ತೆ ಅಂತ ಸುದ್ದಿ ಬಂದರೂ ಸಾಕು, ಇಲ್ಲಿ ಇಳಿಯುತ್ತೆ. ಹೀಗೆ ಇಂದೇ ಬೆಲೆ ಬೀಳುವ ನಾಳೆಯ ನಷ್ಟಕ್ಕೆ ‘ಅಪಾಯ’ ಅಂದರೆ ಅರ್ಥ ಪೂರ್ತಿ ಬರುವುದಿಲ್ಲ, ಅಲ್ವಾ?

‘ರಿಸ್ಕು’ ಅಂತಲೇ ಬಿಡಬಹುದು ಅಂತೀರೇನೋ. ಆ ಪದ ನಮ್ಮ ಬಾಯಲ್ಲಿ ಆಗಲೇ ಇದೆ. ‘ರೇಟು ಏರುತ್ತೆ ಅಂತ ರಿಸ್ಕು ತಗೊಂಡು ಮಾಲು ಇಟ್ಕೊಂಡೆ’ ಅಂತಾರೆ. ಗಮನಿಸಿ, ಕನ್ನಡದ ರಿಸ್ಕು ನಾವೇ ‘ತಗೊಳ್ಳುವ’ ವಸ್ತು, ಅದರಲ್ಲಿ ಸ್ವಲ್ಪ ಧೈರ್ಯದ ಭಾವ ಇದೆ. ಮಳೆ ಹಿಂದೆ ಮುಂದೆ ಆಗುವುದನ್ನು ಯಾರೂ ತಗೊಳ್ಳುವುದಿಲ್ಲ, ಅದು ತಾನಾಗಿ ತಲೆ ಮೇಲೆ ಬೀಳುತ್ತೆ. ‘ಜೋಖಿಮು’ ನಿಘಂಟಿನಲ್ಲಿದೆ, ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ‘ಗಂಡಾಂತರ’ ಅಂದರೆ ಜಾತಕ ನೆನಪಾಗುತ್ತೆ, ಒಂದು ದಿನ ಬಂದು ಕಳೆದುಹೋಗುತ್ತೆ.

ಇನ್ನೊಂದು ವ್ಯಾಕರಣದ ಮಾತು. ಅಪಾಯ ಅಂದ ಕೂಡಲೇ ಕನ್ನಡ ಕಿವಿ ‘ಯಾರಿಗೆ?’ ಅಂತ ಕೇಳುತ್ತೆ. ಮಕ್ಕಳಿಗೆ ಅಪಾಯ, ತೋಟಕ್ಕೆ ಅಪಾಯ, ಹೀಗೆ. ಇಂಗ್ಲಿಷ್ ಫಾರಂನಲ್ಲಿ ಅದನ್ನು ಹೇಳದೇ ನುಂಗಿರುತ್ತಾರೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಮಾಲನ್ನು ತಡೆಯುವ ಕಾಯ್ದೆಯನ್ನು ಯೂರೋಪ್ ಒಕ್ಕೂಟ 2023ರಲ್ಲಿ ತಂದಿತು. ಜಾರಿಯ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದ್ದರೂ ಅದರ ಫಾರಂಗಳು ನಮ್ಮಲ್ಲಿಗೆ ಬಂದಾಗಿದೆ. 2025ರ ಮೇನಲ್ಲಿ ಅವರು ದೇಶಗಳನ್ನು ವಿಂಗಡಿಸಿ ಭಾರತವನ್ನು ‘ಲೋ ರಿಸ್ಕ್’ ದರ್ಜೆಗೆ ಹಾಕಿದರು. ಅದನ್ನು ನಾನು ‘ಭಾರತ ಕಡಿಮೆ ಅಪಾಯದ ದೇಶ’ ಅಂತ ಬರೆದೆ. ನಮ್ಮ ಗುಂಪಿನವರು ಓದಿ ಖುಷಿಪಟ್ಟರು: ಮಳೆ, ರೋಗದ ಕಾಟ ನಮಗೆ ಕಡಿಮೆ ಅಂತ ಸರ್ಕಾರವೇ ಹೇಳಿದೆ ಅಂದುಕೊಂಡರು. ಅಲ್ಲಿನ ಅರ್ಥ ಬೇರೆ. ಭಾರತದಿಂದ ಕೊಂಡರೆ ಕಾಡು ಕಡಿದ ಜಾಗದ ಮಾಲು ತನ್ನ ಕೈಗೆ ಬರುವ ಸಂಭವ ಕಡಿಮೆ ಅಂತ ಕೊಳ್ಳುವವನಿಗೆ ಹೇಳಿದ್ದು ಅದು. ಅಪಾಯ ಅವನಿಗೆ, ನಮಗಲ್ಲ!

ಹಾಗಾಗಿ ನನಗೆ ಹೊಳೆದದ್ದು ‘ನಷ್ಟಸಂಭವ’. ‘ಮಳೆ ಬರುವ ಸಂಭವ’ ಅಂತ ರೇಡಿಯೊದಲ್ಲಿ ಕೇಳಿ ಎಲ್ಲರಿಗೂ ಗೊತ್ತು. ಅದಕ್ಕೆ ಜಾಸ್ತಿ, ಕಡಿಮೆ ಸೇರುತ್ತೆ. ನಷ್ಟ ಅಂದರೆ ಲೆಕ್ಕವೂ ಬಂತು. ‘ಕೊಳ್ಳುವವರ ನಷ್ಟಸಂಭವ’, ‘ಬೆಳೆಗಾರರ ನಷ್ಟಸಂಭವ’ ಅಂತ ಯಾರದ್ದು ಅನ್ನುವುದನ್ನೂ ಬಿಡಿಸಿ ಹೇಳಬಹುದು. ಸ್ವಲ್ಪ ಉದ್ದ, ಒಪ್ಪುತ್ತೇನೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಜೋಡಿ. 2015ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಆಗಿನ ಗವರ್ನರ್ ಮಾರ್ಕ್ ಕಾರ್ನಿ ಲಂಡನ್ನಿನಲ್ಲಿ ವಿಮೆಯವರ ಮುಂದೆ ಮಾತಾಡುತ್ತಾ ವಾಯುಗುಣದ ರಿಸ್ಕನ್ನು ಮೂರು ಬಗೆ ಮಾಡಿದರು. ಮಳೆ, ಬರ, ನೆರೆಯಿಂದ ನೇರ ಬೀಳುವ ಏಟು ಒಂದು. ಕಾಯ್ದೆ, ತಂತ್ರಜ್ಞಾನ, ಗಿರಾಕಿಯ ಮನಸ್ಸು ಬದಲಾದಾಗ ಬೀಳುವ ಏಟು ಎರಡನೆಯದು. ವಾಯುಗುಣ ಕೆಡಿಸಿದವರ ಮೇಲೆ ಪರಿಹಾರಕ್ಕೆ ದಾವೆ ಹೂಡುವುದು ಮೂರನೆಯದು. ಮೊದಲೆರಡಕ್ಕೆ ‘ಭೌತಿಕ ಅಪಾಯ’, ‘ಪರಿವರ್ತನಾ ಅಪಾಯ’ ಅಂತ ಬರೆಯುತ್ತಾರೆ. ಇದನ್ನು ಓದಿ ಯಾರಿಗೆ ಏನು ತಿಳಿಯುತ್ತೆ? ನಾನು ಸದ್ಯಕ್ಕೆ ‘ಮಳೆಬಿಸಿಲಿನ ಏಟು’, ‘ಕಾಯ್ದೆ-ಗಿರಾಕಿಯ ಏಟು’ ಅಂತ ಬರೆಯುತ್ತಿದ್ದೇನೆ. 2024ರಲ್ಲಿ ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳು ಈ ಲೆಕ್ಕ ಬಹಿರಂಗಪಡಿಸಬೇಕು ಅನ್ನುವ ಕರಡು ತಂದಿದೆ. ನಾಳೆ ಈ ಪದಗಳು ಬೆಳೆಸಾಲದ ಅರ್ಜಿಗೂ ಬರಬಹುದು.

ಈಗ ನನ್ನನ್ನು ಜಾಸ್ತಿ ಕಾಡಿದ ಪದಕ್ಕೆ ಬರುತ್ತೇನೆ: ‘ಅರಣ್ಯನಾಶ’. ಯೂರೋಪಿನ ಆ ಕಾಯ್ದೆಯ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ‘2020ರ ಡಿಸೆಂಬರ್ 31ರ ನಂತರ ನಿಮ್ಮ ಜಮೀನಿನಲ್ಲಿ ಅರಣ್ಯನಾಶ ಆಗಿದೆಯೇ?’ ಅಂತ ನಾನು ಕನ್ನಡ ಮಾಡಿದ್ದೆ. ನಮ್ಮ ಪಕ್ಕದ ತೋಟದ ಅಕ್ಕ ಮೂರು ಎಕರೆಯವರು. ಮಗಳ ಕಾಲೇಜು ಫೀಸಿಗೆ ಅಂತ 2022ರಲ್ಲಿ ತೋಟದೊಳಗೆ ನೆರಳಿಗೆ ಬೆಳೆಸಿದ ಒಂದಷ್ಟು ಸಿಲ್ವರ್ ಓಕ್ ಮರ ಮಾರಿದ್ದರು. ಸುಳ್ಳು ಬರೆಯುವ ಜನ ಅಲ್ಲ. ‘ಹೌದು’ಗೆ ಗುರುತು ಹಾಕಿದರು. ಮಾಲು ಕೊಳ್ಳುವವರು ಅದನ್ನು ನೋಡಿ ಅವರ ಚೀಲಗಳನ್ನು ಬೇರೆ ಇಟ್ಟರು. ಆ ವರ್ಷ ಅವರ ಕಾಫಿ ಯೂರೋಪಿನ ಲಾಟಿಗೆ ಸೇರಲಿಲ್ಲ, ಮೇಲೆ ಸಿಗಬೇಕಿದ್ದ ದುಡ್ಡು ತಪ್ಪಿಹೋಯಿತು. “ಮರ ಕಡಿದದ್ದು ನಿಜ ತಾನೇ, ಇಲ್ಲ ಅಂತ ಹೇಗೆ ಬರೀಲಿ?” ಅಂತ ಅವರು ಕೇಳಿದಾಗ ನನ್ನ ಹೊಟ್ಟೆ ಕಿವುಚಿತು. ತಪ್ಪು ಅವರದಲ್ಲ, ನನ್ನ ಅನುವಾದದ್ದು.

ಆ ಕಾಯ್ದೆಯ ಪ್ರಕಾರ ಕಾಡು ಅಂದರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರಿಗಿಂತ ಎತ್ತರದ ಮರಗಳು, ನೂರಕ್ಕೆ 10ಕ್ಕಿಂತ ಹೆಚ್ಚು ನೆರಳು. ಆದರೆ ಮುಖ್ಯವಾಗಿ ಬೇಸಾಯಕ್ಕೆ ಬಳಸುವ ಜಮೀನು ಅದರಲ್ಲಿ ಸೇರುವುದಿಲ್ಲ. ಮರದ ನೆರಳಲ್ಲಿ ಬೆಳೆ ತೆಗೆಯುವ ತೋಟವೂ ಬೇಸಾಯದ ಲೆಕ್ಕವೇ. ತಪ್ಪಾಗುವುದು ಕಾಡನ್ನು ಕಡಿದು ಬೇಸಾಯಕ್ಕೆ ತಿರುಗಿಸಿದಾಗ. ನಮ್ಮ ಮಾತಿನಲ್ಲಿ ಈ ವ್ಯತ್ಯಾಸ ಮೊದಲಿಂದಲೂ ಎಷ್ಟು ಚೆನ್ನಾಗಿದೆ ನೋಡಿ! ಕೊಂಬೆ ಸವರಿ ಬಿಸಿಲು ಬಿಡಿಸಿದರೆ ಮರಗಸಿ. ತೋಟದ ಮರ ಮಾರಿದರೆ ಮರ ಕಡಿದದ್ದು. ಕಾನು ಕಡಿದು ಗಿಡ ಹಾಕಿದರೆ ‘ಕಾಡು ಕಡಿದು ತೋಟ ಮಾಡಿದರು’. ಈ ಮೂರನ್ನೂ ಒಂದೇ ‘ಅರಣ್ಯನಾಶ’ದಲ್ಲಿ ತುರುಕಿದ್ದು ನಾನು. ಈಗ ‘ಆ ದಿನಾಂಕದ ನಂತರ ಕಾಡು ಕಡಿದು ತೋಟ ಮಾಡಿದ್ದೀರಾ?’ ಅಂತ ತಿದ್ದಿದ್ದೇನೆ. ಕೆಳಗೆ ‘ಮರಗಸಿ, ತೋಟದೊಳಗಿನ ಮರ ಮಾರಾಟ ಇದರಲ್ಲಿ ಸೇರುವುದಿಲ್ಲ’ ಅಂತ ಒಂದು ಸಾಲು. ಈ ಸಲ ಅಕ್ಕ ಅನುಮಾನವಿಲ್ಲದೆ ‘ಇಲ್ಲ’ ಅಂತ ಬರೆದರು.

ಇಂಗ್ಲಿಷ್‌ನ ‘ಸಸ್ಟೈನಬಲ್’ಗೆ ಬಳಸುವ ‘ಸುಸ್ಥಿರ’ದ ಬಗ್ಗೆ ಚಿಕ್ಕದಾಗಿ. ಅದು ಬೇರೂರಿದೆ, ತೆಗೆಯಲು ಆಗಲ್ಲ. ಆದರೆ ಕೇಳಿದವರು ‘ಸುಸ್ಥಿತಿ’ ಅಂತ ತಿಳಿಯುತ್ತಾರೆ, ಇಲ್ಲವೇ ಅಲ್ಲಾಡದೆ ನಿಂತಿರುವುದು ಅಂದುಕೊಳ್ಳುತ್ತಾರೆ. ಈ ಯೋಚನೆಗೆ ಜರ್ಮನ್ ಭಾಷೆಯಲ್ಲಿ ಪದ ಹುಟ್ಟಿದ್ದೇ ಮರದ ಲೆಕ್ಕದಿಂದ. 1713ರಲ್ಲಿ ಸ್ಯಾಕ್ಸನಿಯ ಗಣಿ ಅಧಿಕಾರಿ ಕಾರ್ಲೋವಿಟ್ಸ್, ಬೆಳ್ಳಿ ಗಣಿಗೆ ಸೌದೆ ಮುಗಿಯುತ್ತಾ ಬಂದಾಗ, ಬೆಳೆಯುವಷ್ಟನ್ನೇ ಕಡಿಯಬೇಕು ಅಂತ ಬರೆದರು. ಬಿತ್ತನೆ ಭತ್ತ ಮುಟ್ಟದೆ ಉಣ್ಣುವುದು ಅಂತ ನಮ್ಮ ಅಜ್ಜಿ ಹೇಳಿದರೂ ಅದೇ ಅರ್ಥ. ಕನ್ನಡದಲ್ಲಿ ‘ತಾಳಿಕೆ ಬಾಳಿಕೆ’ ಅನ್ನುವ ಜೋಡಿ ಇದೆ. ಏಟು ತಿಂದು ಎದ್ದು ನಿಲ್ಲುವ ಶಕ್ತಿಗೆ ‘ತಾಳಿಕೆ’, ಮುಂದಿನವರಿಗೂ ಉಳಿಯುವ ಗುಣಕ್ಕೆ ‘ಬಾಳಿಕೆ’ ಅಂತ ಹಂಚಿಕೊಟ್ಟರೆ ಹೇಗೆ? ಬಾಳಿಕೆ ಅಂದರೆ ಬಟ್ಟೆ, ಚಪ್ಪಲಿ ನೆನಪಾಗುತ್ತೆ ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ನನಗೆ ಅದೇ ಇಷ್ಟ, ಕೈಯಲ್ಲಿ ಹಿಡಿದು ನೋಡಿದ ಪದ.

ನಿಮ್ಮಲ್ಲಿ ಬ್ಯಾಂಕು, ವಿಮೆ, ಪತ್ರಿಕೆಗಳಲ್ಲಿ ಕೆಲಸ ಮಾಡುವವರು ಇದ್ದೀರಿ. ‘ನಷ್ಟಸಂಭವ’ವನ್ನು ಎಲ್ಲಾದರೂ ಕೇಳಿದ್ದೀರಾ? ಅದಕ್ಕಿಂತ ಗಿಡ್ಡ ಪದ ನಿಮ್ಮ ಊರಿನ ವ್ಯಾಪಾರಿಗಳ ಬಾಯಲ್ಲಿ ಇದೆಯೇ? ಸಕಲೇಶಪುರ, ಆಲೂರು ಕಡೆಯವರು ಮರಗಸಿಗೆ ಬೇರೆ ಪದ ಬಳಸುತ್ತಾರಾ? ಹಾಗಿದ್ದರೆ ಅದನ್ನೂ ತಿಳಿಸಿ, ಎರಡನ್ನೂ ಹಾಕುತ್ತೇನೆ. ಹೊಸ ಫಾರಂ ಮುಂದಿನ ಸೋಮವಾರ ಅಚ್ಚಿಗೆ ಹೋಗುತ್ತೆ.