ಪಿಯುಸಿ ಆದ ಮೇಲೆ ಮಿಲಿಟರಿ ನರ್ಸಿಂಗ್: ಅಮ್ಮ ಬೇಡ ಅಂತಿದ್ದಾರೆ, ನಿಮಗೆ ಗೊತ್ತಿದ್ದದ್ದು ಹೇಳಿ

ಮಲಪ್ರಭಾ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬೈಲಹೊಂಗಲ ಹತ್ತಿರದ ಒಂದು ಹಳ್ಳಿಯವಳು. ಈ ವರ್ಷ ಸೆಕೆಂಡ್ ಪಿಯುಸಿ, ಪಿಸಿಎಂಬಿ. ನೀಟ್ ಬರೆಯುತ್ತಿದ್ದೇನೆ, ಆದರೆ ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ಬರಲ್ಲ ಅಂತ ನನಗೇ ಗೊತ್ತಿದೆ. ಡೊನೇಷನ್ ಕೊಡುವ ಶಕ್ತಿ ಮನೆಯಲ್ಲಿ ಇಲ್ಲ.

ನಮ್ಮ ಸೋದರಮಾವ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದವರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವರ ಕಾಲಿನ ಆಪರೇಷನ್‌ಗೆ ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್‌ಗೆ ಸೇರಿಸಿದ್ದರು, ಅಮ್ಮನ ಜೊತೆ ನೋಡೋಕೆ ಹೋಗಿದ್ದೆ. ಅಲ್ಲಿ ಭುಜದ ಮೇಲೆ ಸ್ಟಾರ್ ಇದ್ದ ಒಬ್ಬ ಮ್ಯಾಡಮ್ ಪಕ್ಕದ ಬೆಡ್ಡಿನ ಅಜ್ಜನಿಗೆ ತಾವೇ ಬಗ್ಗಿ ಬಟ್ಟೆ ಬದಲಾಯಿಸಿದರು, ಕೈ ತೊಳೆದುಕೊಂಡು ಈಚೆ ಬಂದರೆ ಬಾಗಿಲಲ್ಲಿ ನಿಂತಿದ್ದ ಮೀಸೆಯ ಸುಬೇದಾರರು ನೆಟ್ಟಗೆ ನಿಂತು "ಜೈ ಹಿಂದ್ ಮ್ಯಾಡಮ್" ಅಂದರು. ಅವತ್ತಿಂದ ಅದು ತಲೆಯಲ್ಲಿ ಕೂತುಬಿಟ್ಟಿದೆ.

ಅಪ್ಪ ಏನೂ ಹೇಳ್ತಿಲ್ಲ. ಅಮ್ಮ ಮಾತ್ರ "ನರ್ಸ್ ಆಗೋದಾದರೆ ಇಲ್ಲೇ ಬೆಳಗಾವಿಯಲ್ಲಿ ಆಗು, ಮಿಲಿಟರಿಗೆ ಹೋದರೆ ಮದುವೆ ಮಾಡಿಕೊಳ್ಳೋಕೆ ಬಿಡಲ್ಲವಂತೆ" ಅಂತ ಹಟ ಹಿಡಿದಿದ್ದಾರೆ. ಇದು ನಿಜವಾ? ಬಾಂಡ್ ಇದೆ ಅಂತಾರಲ್ಲ, ಅದು ಹೇಗೆ? ಒಳಗೆ ಇದ್ದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ನಿವೃತ್ತ_ಸಿಸ್ಟರ್_ಮೈಸೂರು

ಪುಟ್ಟಿ, ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದವಳು. ನಿನ್ನ ಪ್ರಶ್ನೆ ಓದಿ ಕಣ್ಣು ತುಂಬಿ ಬಂತು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ಅಡ್ಮಿಷನ್ ವಿಷಯ. ಸೇನೆಯ ಬಿಎಸ್ಸಿ ನರ್ಸಿಂಗ್ ಕಾಲೇಜುಗಳು ಆರು: ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿ, ಮುಂಬೈನ ನೌಕಾಪಡೆ ಆಸ್ಪತ್ರೆ ಅಶ್ವಿನಿ, ದೆಹಲಿಯ ಸೇನಾ ಆಸ್ಪತ್ರೆ ಆರ್ ಅಂಡ್ ಆರ್, ಲಖನೌ, ಕೋಲ್ಕತ್ತ, ಆಮೇಲೆ ನೀನು ನೋಡಿ ಬಂದಿರುವ ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಹಾಸ್ಪಿಟಲ್. ಎಲ್ಲ ಸೇರಿ ಇಡೀ ದೇಶಕ್ಕೆ 220 ಸೀಟು. ಕೋರ್ಸ್ ನಾಲ್ಕು ವರ್ಷ. ಫೀಸು ಇಲ್ಲ, ಊಟ ವಸತಿ ಅವರದ್ದೇ, ತಿಂಗಳಿಗಿಷ್ಟು ಅಂತ ಸ್ಟೈಪೆಂಡ್ ಕೂಡ ಕೊಡ್ತಾರೆ. ನೀಟ್ ಅಂಕ ನೋಡಿ ಮುಂದಿನ ಹಂತಕ್ಕೆ ಕರೀತಾರೆ, ಅಲ್ಲಿ ಜನರಲ್ ಇಂಟೆಲಿಜೆನ್ಸ್ ಮತ್ತು ಇಂಗ್ಲಿಷ್ ಟೆಸ್ಟ್, ಮನೋವಿಜ್ಞಾನದ ಟೆಸ್ಟ್, ಇಂಟರ್‌ವ್ಯೂ, ಕೊನೆಗೆ ಮೆಡಿಕಲ್. ನೀಟ್ ಬರೆದರೆ ಸಾಕಾಗಲ್ಲ, ಈ ಕೋರ್ಸಿಗೆ ಬೇರೆ ಅರ್ಜಿ ಹಾಕಬೇಕು. ಇದನ್ನ ಮರೆತು ಕೈಬಿಟ್ಟವರನ್ನ ನೋಡಿದ್ದೀನಿ. ಇನ್ನೊಂದು, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇವುಗಳನ್ನ ಮೊದಲ ಸಲಕ್ಕೇ ಪಾಸು ಮಾಡಿರಬೇಕು, ಶೇ 50 ಇರಬೇಕು. ಸಪ್ಲಿಮೆಂಟರಿಯಲ್ಲಿ ನೋಡಿಕೊಂಡರಾಯ್ತು ಅನ್ನೋ ಮಾತು ಇಲ್ಲಿ ನಡೆಯಲ್ಲ.

ಬಾಂಡ್ ಇದೆ, ಸುಳ್ಳಲ್ಲ. ಓದಿಸುತ್ತಾರೆ, ಬದಲಿಗೆ ನೀನು ಸೇವೆ ಮಾಡಬೇಕು. ಮಧ್ಯದಲ್ಲಿ ಬಿಟ್ಟರೆ ದುಡ್ಡು ಕಟ್ಟಬೇಕು. ಮೊತ್ತ ಎಷ್ಟು, ಎಷ್ಟು ವರ್ಷ ಅನ್ನೋದನ್ನ ಆ ವರ್ಷದ ನೋಟಿಫಿಕೇಷನ್‌ನಲ್ಲೇ ಓದು, ಅಪ್ಪನ ಪಕ್ಕ ಕೂತು ಓದು. ಸಹಿ ಹಾಕಬೇಕಾದವರಲ್ಲಿ ಅವರೂ ಇರ್ತಾರೆ.

ಈಗ ಕೆಲಸದ ಮಾತು. ಕೋರ್ಸ್ ಮುಗಿಸಿ, ಮೆಡಿಕಲ್‌ನಲ್ಲಿ ಫಿಟ್ ಆದರೆ ಲೆಫ್ಟಿನೆಂಟ್ ಆಗಿ ಕಮಿಷನ್, ಅಂದರೆ ಆಫೀಸರ್ ಹುದ್ದೆ. ಆಮೇಲೆ ಕ್ಯಾಪ್ಟನ್, ಮೇಜರ್, ಹಾಗೇ ಮೇಲಕ್ಕೆ. ನಮ್ಮ ಸರ್ವಿಸಿನ ಮುಖ್ಯಸ್ಥೆ ಮೇಜರ್ ಜನರಲ್. 1888ರಲ್ಲಿ ಹತ್ತು ಜನ ಬ್ರಿಟಿಷ್ ನರ್ಸುಗಳು ಬೊಂಬಾಯಿಗೆ ಬಂದಿಳಿದದ್ದು ಇದರ ಶುರು. 1926ರ ಅಕ್ಟೋಬರ್ 1ರಂದು ಭಾರತೀಯ ಹೆಣ್ಣುಮಕ್ಕಳಿಗೆ ಅಂತ ಸರ್ವಿಸ್ ಕಟ್ಟಿದರು, ಅದಕ್ಕೇ ಅಕ್ಟೋಬರ್ 1 ನಮಗೆ ರೈಸಿಂಗ್ ಡೇ.

ಸ್ಟಾರ್ ಬಂತು ಅಂತ ಕೆಲಸ ಬದಲಾಗಲ್ಲ. ನೈಟ್ ಡ್ಯೂಟಿ ಇದೆ, ಇಂಜೆಕ್ಷನ್ ಇದೆ, ಡ್ರೆಸ್ಸಿಂಗ್ ಇದೆ, ನೀನು ನೋಡಿದೆಯಲ್ಲ ಬಟ್ಟೆ ಬದಲಾಯಿಸೋದು, ಅದೂ ಇದೆ. ಬರೀ ಗಾಯಗೊಂಡ ಸೈನಿಕರು ಇರ್ತಾರೆ ಅಂದುಕೊಳ್ಳಬೇಡ. ಫ್ಯಾಮಿಲಿ ವಾರ್ಡಿನಲ್ಲಿ ಹೆರಿಗೆ, ಮಕ್ಕಳ ಜ್ವರ, ವಯಸ್ಸಾದ ಮಾಜಿ ಸೈನಿಕರ ಸಕ್ಕರೆ ಕಾಯಿಲೆ, ಇವೇ ಜಾಸ್ತಿ.

ನಾನು ಎತ್ತರದ ಜಾಗದಲ್ಲೂ ಪೋಸ್ಟಿಂಗ್ ಮಾಡಿದೆ. ಅಲ್ಲಿ ಮೊದಲ ಕೆಲವು ದಿನ ನಮಗೇ ಉಸಿರು ಹಿಡಿಯುತ್ತೆ. ಮೇಲಿನ ಪೋಸ್ಟುಗಳಿಂದ ಶ್ವಾಸಕೋಶಕ್ಕೆ ನೀರು ತುಂಬಿ ಬರುವ ಹುಡುಗರು, ಹಿಮದಲ್ಲಿ ಬೆರಳು ಕಪ್ಪಾಗಿ ಬರುವ ಹುಡುಗರು. ಪ್ರಾಣಕ್ಕೆ ಅಪಾಯ ಇರುವವರನ್ನ ಡಿಐಎಲ್ ಅನ್ನೋ ಪಟ್ಟಿಗೆ ಹಾಕ್ತಾರೆ, ಊರಿಗೆ ತಿಳಿಸ್ತಾರೆ. ಒಂದು ರಾತ್ರಿ ಆ ಪಟ್ಟಿಯಲ್ಲಿದ್ದ ಹುಡುಗ ಗದಗ ಕಡೆಯವನು ಅಂತ ಗೊತ್ತಾಯಿತು. ಆಕ್ಸಿಜನ್ ಮಾಸ್ಕ್ ಸರಿ ಮಾಡುತ್ತಾ ಸುಮ್ನೆ "ಊಟ ಆಯ್ತೇನೋ ತಮ್ಮಾ" ಅಂದೆ. ಅವನು ನನ್ನ ಕೈ ಹಿಡಿದವನು ಬೆಳಗಿನವರೆಗೆ ಬಿಡಲಿಲ್ಲ. ಬದುಕಿದ. ಈಗಲೂ ಸಂಕ್ರಾಂತಿಗೆ ಫೋನ್ ಮಾಡ್ತಾನೆ.

ಬೇಜಾರಿನ ವಿಷಯವೂ ಹೇಳಬೇಕಲ್ವಾ. ನಾವು ಕಮಿಷನ್ಡ್ ಆಫೀಸರ್‌ಗಳೇ, ಆದರೆ ಬೇರೆ ಆಫೀಸರ್‌ಗಳಿಗೆ ಸಿಗುವುದೆಲ್ಲ ನಮಗೆ ಸಮನಾಗಿ ಸಿಗಲ್ಲ. ಏಳನೇ ವೇತನ ಆಯೋಗದಲ್ಲಿ ಮಿಲಿಟರಿ ಸರ್ವಿಸ್ ಪೇ, ಅಂದರೆ ಸೇನೆಯಲ್ಲಿರುವುದಕ್ಕೆ ಸಂಬಳದ ಜೊತೆ ಕೊಡೋ ಹಣ, ಅವರಿಗೆ ತಿಂಗಳಿಗೆ 15,500, ನರ್ಸಿಂಗ್ ಆಫೀಸರ್‌ಗಳಿಗೆ 10,800. ಅದೇ ಲೇಹ್, ಅದೇ ಚಳಿ. ಇದು ತಪ್ಪು ಅಂತ ನಾನು ಸರ್ವಿಸಿನಲ್ಲಿ ಇದ್ದಾಗಲೂ ಹೇಳಿದ್ದೆ, ಈಗಲೂ ಹೇಳ್ತೀನಿ.

ಹುಬ್ಬಳ್ಳಿ_ಬ್ರದರ್

ಸಿಸ್ಟರ್ ಚೆನ್ನಾಗಿ ಬರೆದಿದ್ದಾರೆ. ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ ತಂಗಿ, ಬೇಸರ ಮಾಡಿಕೋಬೇಡ.

ನಾನು ಬಿಎಸ್ಸಿ ನರ್ಸಿಂಗ್ ಮಾಡಿ ಮೊದಲು ಒಂದು ಖಾಸಗಿ ಆಸ್ಪತ್ರೆಯಲ್ಲಿ ಐಸಿಯು ಕೆಲಸ ಮಾಡಿದೆ. ತಿಂಗಳಿಗೆ 17 ಸಾವಿರ. ಹೋಗಿ ಸೇರಿದ ದಿನವೇ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಂಡರು, ಎರಡು ವರ್ಷ ಬಿಟ್ಟು ಹೋಗೋ ಹಾಗಿಲ್ಲ ಅಂದರು. ಮಿಲಿಟರಿ ಬಾಂಡ್ ಬಗ್ಗೆ ಹೆದರುವವರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಅಲ್ಲಿ ಲೆಫ್ಟಿನೆಂಟ್ ಮೂಲ ವೇತನವೇ 56,100ರಿಂದ ಶುರು.

ಆದರೆ ದಾರಿ ಅದೊಂದೇ ಅಲ್ಲ. ಏಮ್ಸ್‌ನವರು ನರ್ಸಿಂಗ್ ಆಫೀಸರ್ ಕೆಲಸಕ್ಕೆ ನಾರ್ಸೆಟ್ ಅಂತ ಪರೀಕ್ಷೆ ಮಾಡ್ತಾರೆ, ಕೆಲಸ ಸಿಕ್ಕರೆ ಲೆವೆಲ್ 7 ವೇತನ ಶ್ರೇಣಿ, ಮೂಲ ವೇತನ 44,900. ಬಾಂಬು ಗುಂಡು ಇಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟೋದಿಲ್ಲ. ನಿನಗೆ ಈಗ 17 ವರ್ಷ. ಆ ಯೂನಿಫಾರ್ಮ್ ಮೇಲೆ ಆಸೆಯೋ, ನರ್ಸಿಂಗ್ ಮೇಲೆ ಆಸೆಯೋ? ಯೂನಿಫಾರ್ಮ್ ಒಂದೇ ಬೇಕು ಅಂದರೆ ಎನ್‌ಡಿಎ ಹುಡುಗಿಯರಿಗೂ ತೆರೆದಿದೆ. ರಕ್ತ, ವಾಂತಿ, ಸಾವು ಇವನ್ನ ದಿನಾ ನೋಡಿಯೂ ಮರುದಿನ ಡ್ಯೂಟಿಗೆ ಹೋಗಬಲ್ಲೆ ಅನ್ನೋದು ಗೊತ್ತಿಲ್ಲದೆ ಬಾಂಡಿಗೆ ಸಹಿ ಹಾಕಬೇಡ. ನನ್ನ ಕ್ಲಾಸಿನಲ್ಲಿ ನಾಲ್ಕು ಜನ ಮೊದಲ ವರ್ಷವೇ ಬಿಟ್ಟು ಹೋದರು, ಒಳ್ಳೆ ಮಕ್ಕಳೇ, ಆದರೆ ಅವರಿಗೆ ಈ ಕೆಲಸ ಆಗಿಬರಲಿಲ್ಲ.

ಸಿವಿಲ್‌ನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ ಮೇಲೂ ಸೇನೆಗೆ ಹೋಗಬಹುದು, ಶಾರ್ಟ್ ಸರ್ವಿಸ್ ಕಮಿಷನ್ ಇದೆ, ಅಂದರೆ ಇಷ್ಟು ವರ್ಷ ಅಂತ ಮಿತಿ ಇರುವ ಆಫೀಸರ್ ಕೆಲಸ. ನಾಲ್ಕು ವರ್ಷ ನರ್ಸಿಂಗ್ ಏನು ಅಂತ ನೋಡಿ ಆಮೇಲೆ ತೀರ್ಮಾನ ಮಾಡಬಹುದು ಅಂತ ನನ್ನ ಅನಿಸಿಕೆ.

ನಾನು ಹೋಗಬಹುದಿತ್ತಾ ಅಂತ ಕೇಳಿದರೆ, ಆ ಸರ್ವಿಸಿಗೆ ಗಂಡಸರನ್ನ ತಗೊಳ್ತಿರಲಿಲ್ಲ. ಆ ಸರ್ವಿಸಿನ ಕಾನೂನಾದ 1943ರ ಸುಗ್ರೀವಾಜ್ಞೆಯಲ್ಲಿ 'ಮಹಿಳೆ' ಅಂತಲೇ ಇತ್ತು. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2023ರ ಜನವರಿಯಲ್ಲಿ ಇದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಆ ತೀರ್ಪು ಬಂದ ದಿನ ನಮ್ಮ ವಾರ್ಡಿನ ಹುಡುಗರೆಲ್ಲ ಸೇರಿ ಚಹಾ ಕುಡಿದು ಖುಷಿಪಟ್ಟಿದ್ದೆವು.

ನಿವೃತ್ತ_ಸಿಸ್ಟರ್_ಮೈಸೂರು

ಬ್ರದರ್ ಹೇಳಿದ ಶಾರ್ಟ್ ಸರ್ವಿಸ್ ದಾರಿ ನಿಜ. ಆದರೆ ಅದನ್ನ ಪ್ರತಿ ವರ್ಷ ಕರೆದೇ ಕರೀತಾರೆ ಅಂತ ನಂಬಿ ಕೂರೋಕಾಗಲ್ಲ. ಇನ್ನು ಸಿವಿಲ್ ಕಾಲೇಜಿನ ನಾಲ್ಕು ವರ್ಷದ ಫೀಸು ಈ ಮನೆಯವರು ಎಲ್ಲಿಂದ ತರ್ತಾರೆ? ನನ್ನ ಅಪ್ಪನ ಹತ್ತಿರ ಆಗ ಬಸ್ ಚಾರ್ಜಿಗೂ ಇರಲಿಲ್ಲ. ಫೀಸಿಲ್ಲದೆ ಓದಿಸಿದ್ದಕ್ಕೇ ನಾನು ಇವತ್ತು ಹೀಗಿದ್ದೀನಿ. ಯೂನಿಫಾರ್ಮಾ ನರ್ಸಿಂಗಾ ಅನ್ನೋ ಪ್ರಶ್ನೆ ಮಾತ್ರ ಸರಿಯಾಗಿದೆ. ಪುಟ್ಟಿ, ಅದಕ್ಕೆ ನೀನೇ ಉತ್ತರ ಕಂಡುಕೋಬೇಕು.

ಸುಂಟಿಕೊಪ್ಪದ_ಅಮ್ಮ

ನಾನು ನಿಮ್ಮ ಅಮ್ಮನಿಗೆ ಹೇಳಬೇಕು ಅಂತ ಬರೀತಿದ್ದೇನೆ, ಓದಿ ಹೇಳು ಮಗಳೇ.

ಅಕ್ಕಾ, ನನ್ನ ಮಗಳು ಶಾರ್ಟ್ ಸರ್ವಿಸಿನಲ್ಲಿ ಸೇರಿ ಈಗ ಕ್ಯಾಪ್ಟನ್. ಮದುವೆಯಾಗಿದೆ, ಒಂದು ಗಂಡು ಮಗು ಇದೆ. ಮದುವೆ ಆದರೆ ಕೆಲಸದಿಂದ ತೆಗೀತಾರೆ ಅನ್ನೋ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ, ಹಿಂದೆ ನಿಜವಾಗಿಯೂ ಹಾಗಿತ್ತು. ಸೆಲಿನಾ ಜಾನ್ ಅನ್ನೋ ಲೆಫ್ಟಿನೆಂಟನ್ನ ಮದುವೆಯಾದ ಕಾರಣಕ್ಕೆ 1988ರಲ್ಲಿ ಮನೆಗೆ ಕಳಿಸಿದ್ದರು. ಆ ನಿಯಮ 1995ರಲ್ಲೇ ಹೋಯಿತು. ಆಕೆ ಬಿಡದೆ ಕೇಸು ನಡೆಸಿ, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆಕೆಗೆ 60 ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. ಆ ಸುದ್ದಿ ಓದಿದ ದಿನ ನಾನು ಪೇಪರನ್ನ ಮಡಚಿ ಬೀರುವಿನಲ್ಲಿ ಇಟ್ಟೆ.

ಈಗ ಇರೋದು ಇಷ್ಟೇ: ಕೋರ್ಸಿಗೆ ಸೇರುವಾಗ ಮದುವೆ ಆಗಿರಬಾರದು, ಓದು ಮುಗಿಯೋವರೆಗೆ ಆಗುವ ಹಾಗಿಲ್ಲ. ಹುಡುಗಿಗೆ ಇಪ್ಪತ್ತೆರಡಾಗುವಷ್ಟರಲ್ಲಿ ಓದು ಮುಗಿಯುತ್ತೆ. ಅದಕ್ಕಿಂತ ಮುಂಚೆ ಮದುವೆ ಮಾಡುವ ಅವಸರ ಏನಿದೆ ಹೇಳಿ?

ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಅಳಿಯನದ್ದು ಬೆಂಗಳೂರು, ಮಗಳದ್ದು ಅಸ್ಸಾಂ, ಮೊಮ್ಮಗ ಒಂದು ವರ್ಷ ನಮ್ಮ ಮನೆಯಲ್ಲೇ ಬೆಳೆದ. ರಾತ್ರಿ "ಅಮ್ಮ ಎಲ್ಲಿ" ಅಂತ ಅಳುವಾಗ ನನಗೂ ಯಾಕಾದರೂ ಕಳಿಸಿದೆನೋ ಅನ್ನಿಸಿದ್ದಿದೆ. ಮಗಳು ರಜೆಗೆ ಬಂದಾಗ ಕೇಳಿದೆ, ಬಿಟ್ಟುಬಿಡ್ತೀಯಾ ಅಂತ. "ಇಲ್ಲಮ್ಮ, ನನ್ನ ವಾರ್ಡ್ ಇದೆ" ಅಂದಳು. 'ನನ್ನ ವಾರ್ಡ್' ಅಂದ ರೀತಿ ಕೇಳಿ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮಲಪ್ರಭಾ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಂಟಿಕೊಪ್ಪದ ಅಮ್ಮ ಬರೆದದ್ದನ್ನ ರಾತ್ರಿ ಊಟ ಆದ ಮೇಲೆ ಜೋರಾಗಿ ಓದಿದೆ. ಅಮ್ಮ ಎರಡು ಸಲ ಓದಿಸಿದರು. ಒಪ್ಪಿದೆ ಅಂತ ಹೇಳಿಲ್ಲ, ಆದರೆ "ಆ ಮಗು ಈಗ ಯಾರ ಹತ್ತಿರ ಇದೆ ಕೇಳು" ಅಂದರು.

ಬ್ರದರ್ ಕೇಳಿದ ಪ್ರಶ್ನೆಗೆ ನಾನು ಎರಡು ದಿನ ಯೋಚಿಸಿದೆ. ಹೋದ ವರ್ಷ ಅಜ್ಜಿಗೆ ಲಕ್ವಾ ಹೊಡೆದು ಏಳು ತಿಂಗಳು ಹಾಸಿಗೆಯಲ್ಲಿದ್ದರು. ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡೆರಡು ತಾಸಿಗೆ ಮಗ್ಗಲು ಬದಲಿಸುತ್ತಿದ್ದವಳು ನಾನೇ. ಕಾಲೇಜಿಗೆ ಹೋದಾಗ ಮಾತ್ರ ಅಮ್ಮ. ಕೊನೆಯವರೆಗೂ ಒಂದು ಹುಣ್ಣೂ ಆಗಲಿಲ್ಲ. ಹೊಲಸು ಅನ್ನಿಸಿದ್ದು ಮೊದಲ ವಾರ ಅಷ್ಟೇ. ಇದು ಸಾಕಾ ಗೊತ್ತಿಲ್ಲ, ನನ್ನ ಹತ್ತಿರ ಇರೋದು ಇದೇ.

ಹುಬ್ಬಳ್ಳಿ_ಬ್ರದರ್

ತಂಗಿ, ನನ್ನ ಮಾತು ವಾಪಸ್ ತಗೊಂಡೆ. ಏಳು ತಿಂಗಳು ಬೆಡ್‌ಸೋರ್ ಆಗದ ಹಾಗೆ ನೋಡಿಕೊಳ್ಳೋದು ನಮ್ಮ ಐಸಿಯುನಲ್ಲೂ ಸುಲಭ ಅಲ್ಲ. ಅರ್ಜಿ ಹಾಕು. ಜೊತೆಗೆ ಸಿಇಟಿ ಕೂಡ ಬರೆದಿಡು, 220 ಸೀಟಿಗೆ ದೇಶವೇ ನಿಂತಿರುತ್ತೆ.

ಸುಂಟಿಕೊಪ್ಪದ_ಅಮ್ಮ

ಮಗು ಈಗ ಅವರಮ್ಮನ ಹತ್ತಿರವೇ ಇದೆ, ಯುಕೆಜಿ. ಅಮ್ಮನಿಗೆ ಹೇಳು.

ನಿವೃತ್ತ_ಸಿಸ್ಟರ್_ಮೈಸೂರು

ಇಂಟರ್‌ವ್ಯೂನಲ್ಲಿ ಯಾಕೆ ಬಂದೆ ಅಂತ ಕೇಳಿಯೇ ಕೇಳ್ತಾರೆ. ದೇಶಸೇವೆ ಅಂತ ಬಾಯಿಪಾಠ ಒಪ್ಪಿಸಬೇಡ, ಎಲ್ಲರೂ ಅದನ್ನೇ ಹೇಳ್ತಾರೆ. ಅಜ್ಜಿಯ ವಿಷಯ ಹೇಳು. ಇಂಗ್ಲಿಷಿನಲ್ಲಿ ಹೇಳೋದನ್ನ ಈಗಿನಿಂದಲೇ ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡು, ತಡವರಿಸಿದರೂ ಪರವಾಗಿಲ್ಲ. ಹಲ್ಲು ಹುಳುಕಿದ್ದರೆ ಈಗಲೇ ತುಂಬಿಸಿಕೋ, ಕಿವಿ ಗುಗ್ಗೆ ಡಾಕ್ಟರ ಹತ್ತಿರವೇ ತೆಗೆಸು. ಮೆಡಿಕಲ್‌ನಲ್ಲಿ ಇಂಥ ಸಣ್ಣದಕ್ಕೆಲ್ಲ ವಾಪಸ್ ಬಂದ ಮಕ್ಕಳು ಗೇಟಿನ ಹತ್ತಿರ ಕೂತು ಅಳೋದನ್ನ ನಾನು ನೋಡಿದ್ದೀನಿ. ನೀಟ್ ಫಲಿತಾಂಶ ಬಂದ ದಿನ ಇಲ್ಲೇ ಬಂದು ಹೇಳು, ಕಾಯ್ತಿರ್ತೀನಿ.