ಟಿಜಿಎ ಇರೋ ಪಾಪು ಐಸಿಯುನಲ್ಲಿದೆ, ಪಕ್ಕದಲ್ಲಿ ಕೂತು ನಾವು ಏನ್ ಮಾಡ್ಬೋದು?

ಪುಟ್ಟಿ_ಅಪ್ಪ:
ಎಲ್ರಿಗೂ ನಮಸ್ಕಾರ. ನಮ್ಗೆ ಮಗಳು ಹುಟ್ಟಿದಾಳೆ. ಚೆನ್ನಾಗೇ ಅತ್ಲು, ತೂಕನೂ ಸರಿ ಇತ್ತು, ಆದ್ರೆ ತುಟಿ ನೀಲಿ ಹೋಗ್ಲೇ ಇಲ್ಲ ಅಂತ ಎಕೋ ಮಾಡಿ ನೋಡಿದ್ರೆ ಟಿಜಿಎ, ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳ ಅದಲು ಬದಲು ಆಗಿವೆ ಅಂದ್ರು. ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಓಡ್ತಿದೆ, ಬಲೂನ್ ಹಾಕಿ ಹೃದಯದ ಮೇಲಿನ ಎರಡು ಕೋಣೆ ಮಧ್ಯದ ತೂತು ದೊಡ್ಡದು ಮಾಡಿದಾರೆ, ಮುಂದಿನ ವಾರ ಆ ಎರಡು ನಾಳಗಳನ್ನ ಸರಿಯಾದ ಜಾಗಕ್ಕೆ ಬದಲಾಯ್ಸೋ ಸ್ವಿಚ್ ಆಪರೇಷನ್. ಡಾಕ್ಟ್ರು ಎಲ್ಲಾ ಹೇಳಿದ್ರು ಆದ್ರೆ ಆ ಹೊತ್ತಲ್ಲಿ ಅರ್ಧ ಕಿವಿಗೇ ಬೀಳ್ಲಿಲ್ಲ.

ನನ್ ಪ್ರಶ್ನೆ ಏನಂದ್ರೆ ಮಾನಿಟರ್‌ನಲ್ಲಿ ಆಕ್ಸಿಜನ್ 78, 80 ಅಂತಾನೇ ಇರುತ್ತೆ, ನರ್ಸ್ ಪರವಾಗಿಲ್ಲ ಅಂತಾರೆ, ಹೆಂಗೆ ಪರವಾಗಿಲ್ಲ? ಮುಟ್ಟಕ್ಕೇ ಭಯ ಆಗುತ್ತೆ, ಅಷ್ಟು ವೈರು. ಹೆಂಡ್ತಿ ಹೊಲಿಗೆ ನೋವಲ್ಲೇ ವೀಲ್‌ಚೇರ್‌ನಲ್ಲಿ ಬಂದು ನೋಡ್ತಾಳೆ, ಬಸ್ರಿಲಿ ಏನ್ ತಿಂದೆ ಏನ್ ಮಾಡ್ದೆ ಅಂತ ಒಂದೇ ಸಮ ಅಳ್ತಾಳೆ. ಗಾಜಿನ ಆಚೆ ನಿಂತ ನೆಂಟರ ಥರ ಆಗೋಗಿದೀವಿ. ನಾವು ಮಾಡೋದು ಏನಾದ್ರೂ ಇದ್ಯಾ?

ಸ್ವಿಚ್_ಅಮ್ಮ:
ಮೊದ್ಲು ನಿಮ್ ಹೆಂಡ್ತಿಗೆ ಇದನ್ನ ಓದಿ ಹೇಳಿ ಅಣ್ಣ. ಹೃದಯ ರೂಪ ತಗೊಳೋದು ಬಸ್ರಿಯ ಮೊದಲ 8 ವಾರದ ಒಳಗೆ, ಎಷ್ಟೋ ಜನಕ್ಕೆ ಬಸ್ರಿ ಅಂತ ಖಾತ್ರಿ ಆಗಿರೋದೇ ಅವಾಗ. 100 ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಹುಟ್ಟಿನಿಂದ ಏನೋ ಒಂದು ಹೃದಯದ ತೊಂದ್ರೆ ಇರುತ್ತೆ, ಬಹಳಷ್ಟು ಸಲ ಇಂಥದೇ ಕಾರಣ ಅಂತ ಸಿಗಲ್ಲ. ಊಟದಿಂದಾನೋ ಮೆಟ್ಲು ಹತ್ತಿದ್ದಕ್ಕೋ ರಕ್ತನಾಳ ಅದಲು ಬದಲು ಆಗಲ್ಲ. ನಂಗೂ ಇದನ್ನ ಯಾರಾದ್ರೂ ಮೊದಲನೇ ದಿನಾನೇ ಹೇಳಿದ್ರೆ ಚೆನ್ನಾಗಿತ್ತು.

ಆಮೇಲೆ ಹಾಲು. ಈಗ ಪಾಪು ಕುಡೀದೇ ಇದ್ರೂ ಪಂಪ್ ಮಾಡಕ್ಕೆ ಹೇಳಿ, ಎರಡು ಮೂರು ಗಂಟೆಗೊಂದ್ಸಲ, ರಾತ್ರಿನೂ ಒಂದ್ಸಲ, ಮೊದಲ ವಾರ ಬಿಟ್ರೆ ಆಮೇಲೆ ಹಾಲು ಬರ್ಸೋದು ತುಂಬಾ ಕಷ್ಟ. ಮೊದಮೊದ್ಲು ಬರೋ ಗಿಣ್ಣು ಹಾಲು ಎರಡೇ ಹನಿ ಇದ್ರೂ ಚೆಲ್ಬೇಡಿ, ಹತ್ತಿಯಲ್ಲಿ ಅದ್ದಿ ಪಾಪು ಕೆನ್ನೆ ಒಳಗೆ ಸವರ್ಬೋದಾ ಅಂತ ಕೇಳಿ. ನಮ್ಮವಳಿಗೆ ನರ್ಸು ನನ್ ಕೈಯಲ್ಲೇ ಮಾಡ್ಸಿದ್ರು. ಅವ್ಳು ನಾಲಿಗೆ ಚಪ್ಪರಿಸಿದ್ಲು, ಅಷ್ಟೇ, ಆದ್ರೆ ಆವತ್ತು ಮೊದಲ್ನೇ ಸಲ ನಾನು ಅಮ್ಮ ಅಂತ ಅನ್ಸಿದ್ದು. ಪಂಪ್ ಭಾಗ ತೊಳೆಯೋದು, ಬಾಟ್ಲಿ ಮೇಲೆ ಹೆಸರು ಟೈಮ್ ಬರೆಯೋದು ನೀವ್ ವಹಿಸ್ಕೊಳಿ, ಅವ್ರಿಗೆ ಒಂದು ಗಂಟೆ ನಿದ್ದೆ ಜಾಸ್ತಿ ಸಿಗುತ್ತೆ.

ಐಸಿಯು_ಸಿಸ್ಟರ್:
ಮಕ್ಕಳ ಹಾರ್ಟ್ ಐಸಿಯುನಲ್ಲೇ ಕೆಲ್ಸ ಮಾಡೋದು, ನಿಮ್ ಮಗುನ ನಾನು ನೋಡಿಲ್ಲ ಹಾಗಾಗಿ ಅಲ್ಲಿನ ಡಾಕ್ಟ್ರ ಮಾತೇ ಕೊನೆ.

80ರ ಬಗ್ಗೆ ಹೇಳ್ತೀನಿ. ಟಿಜಿಎಯಲ್ಲಿ ಆಕ್ಸಿಜನ್ ತುಂಬಿದ ಕೆಂಪು ರಕ್ತ ಶ್ವಾಸಕೋಶಕ್ಕೇ ವಾಪಸ್ ಸುತ್ತುತ್ತೆ, ಆಕ್ಸಿಜನ್ ಕಮ್ಮಿ ಇರೋ ನೀಲಿ ರಕ್ತ ಮೈಗೇ ಸುತ್ತುತ್ತೆ, ಎರಡೂ ಬೇರೆ ಬೇರೆ ಸುತ್ತು. ಅವೆರಡೂ ಬೆರೆಯೋಕೇ ಆ ತೂತು ದೊಡ್ಡದು ಮಾಡಿರೋದು, ಹುಟ್ಟಿದ ಮೇಲೆ ತಾನಾಗೇ ಮುಚ್ಕೊಳೋ ಡಕ್ಟ್ ಅನ್ನೋ ನಾಳ ತೆರೆದಿರ್ಲಿ ಅಂತಾನೇ ಪ್ರೊಸ್ಟಾಗ್ಲಾಂಡಿನ್. ಬೆರೆತ ರಕ್ತ ಮೈಗೆ ಹೋಗ್ತಿರೋವಾಗ 100 ಬರೋದಿಲ್ಲ, ಸಾಮಾನ್ಯವಾಗಿ 75ರಿಂದ 85 ನಮಗೆ ಸಾಕು. ಅದರ ಜೊತೆ ಲ್ಯಾಕ್ಟೇಟ್ (ಮೈಗೆ ಆಕ್ಸಿಜನ್ ಸಾಲ್ದಿದ್ರೆ ರಕ್ತದಲ್ಲಿ ಏರೋ ಅಂಶ), ಮೂತ್ರ, ಕೈಕಾಲು ಬೆಚ್ಚಗಿದ್ಯಾ ಅಂತ ನೋಡ್ತಿರ್ತೀವಿ. "ಇವಳಿಗೆ ಎಷ್ಟಕ್ಕಿಂತ ಕೆಳಗೆ ಹೋದ್ರೆ ನೀವು ಓಡಿ ಬರ್ತೀರ" ಅಂತ ನೇರವಾಗಿ ಕೇಳಿ, ಆ ನಂಬರ್ ಗೊತ್ತಾದ್ರೆ ಪ್ರತಿ ಅಲಾರಂಗೂ ಎದೆ ಒಡ್ಕೊಳಲ್ಲ. ಆ ಡ್ರಿಪ್‌ಗೆ ಜ್ವರ ಬರ್ಬೋದು, ನಡುನಡುವೆ ಉಸಿರು ನಿಲ್ಲಿಸೋದೂ ಉಂಟು, ಅದಕ್ಕೇ ಕಣ್ಣಲ್ಲಿ ಕಣ್ಣಿಟ್ಟು ಕಾಯೋದು.

ಮುಟ್ಟಿ ಸರ್, ಖಂಡಿತ ಮುಟ್ಟಿ. ಕೈ ತೊಳ್ಕೊಂಡು ಬೆಚ್ಚಗೆ ಮಾಡ್ಕೊಂಡು ಒಂದು ಕೈ ತಲೆ ಮೇಲೆ, ಇನ್ನೊಂದರಲ್ಲಿ ಎರಡೂ ಪಾದ ಒಟ್ಟಿಗೆ ಹಿಡಿದು ಸುಮ್ನೆ ಇಟ್ಕೊಳಿ, ಸವರೋದು ತಟ್ಟೋದು ಬೇಡ, ಇಷ್ಟು ಎಳೆ ಮಗುಗೆ ಅದು ಕಿರಿಕಿರಿ. ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲ ಆಗೋದು ನೀವೇ ನೋಡ್ತೀರ. ಡೈಪರ್ ಬದಲಾಯ್ಸೋದು, ಬಾಯಿ ಒರೆಸೋದು ಕಲಿಸಿ ಅಂತ ಕೇಳಿ. ಸ್ಥಿರವಾಗಿದ್ರೆ ವೈರ್ ಸಮೇತ ಎದೆ ಮೇಲೆ ಮಲಗಿಸ್ಕೊಳೋಕೂ ಬಿಡ್ತಾರೆ, ಆಪರೇಷನ್‌ಗೆ ಮುಂಚೆನೇ ಕೇಳ್ಬಿಡಿ, ಆಮೇಲೆ ಕೆಲವು ದಿನ ಆಗಲ್ಲ.

ಪುಟ್ಟಿ_ಅಪ್ಪ:
ಸಿಸ್ಟರ್ ತುಂಬಾ ಥ್ಯಾಂಕ್ಸ್. ಈಗಷ್ಟೇ ಪಾದ ಹಿಡ್ಕೊಂಡು ಬಂದೆ. ಹೆಂಡ್ತಿಗೆ ಮೇಲಿಂದು ಓದಿ ಹೇಳ್ದೆ, ಪಂಪ್ ತರಿಸಿ ಅಂದ್ಲು. ಆಪರೇಷನ್ ಆದ್ಮೇಲೆ ನೋಡೋವಾಗ ಹೆಂಗಿರ್ತಾಳೆ?

ಸ್ವಿಚ್_ಅಮ್ಮ:
ಊದ್ಕೊಂಡಿರ್ತಾಳೆ, ಗುರುತೇ ಸಿಗ್ದಷ್ಟು. ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲ್ಸ ಮಾಡೋ ಬೈಪಾಸ್ ಮೆಷಿನ್‌ಗೆ ಹಾಕಿದ್ರಿಂದ ನೀರು ತುಂಬ್ಕೊಳುತ್ತೆ, ಮೂತ್ರದಲ್ಲಿ ಹೋಗುತ್ತೆ. ಬಾಯಲ್ಲಿ ವೆಂಟಿಲೇಟರ್ ಪೈಪು, ಎದೆ ಕೆಳಗೆ ಡ್ರೈನ್ ಟ್ಯೂಬು. ಕೆಲವು ಸಲ ಎದೆ ಮುಚ್ಚದೇ ಮೇಲೆ ಪಟ್ಟಿ ಅಂಟಿಸಿ ತರ್ತಾರೆ, ಊತ ಇಳಿದ್ಮೇಲೆ ಮುಚ್ತಾರೆ, ಏನೋ ಕೆಟ್ಟೋಯ್ತು ಅಂತಲ್ಲ ಹೃದಯಕ್ಕೆ ಜಾಗ ಸಿಗ್ಲಿ ಅಂತ. ಮುಂಚೆನೇ ಫೋಟೋ ಇದ್ರೆ ತೋರಿಸಿ ಅಂತ ಕೇಳಿ. ಆದ್ರೆ ತುಟಿ ನೋಡಿ ಅಣ್ಣ, ಕೆಂಪಗಿರುತ್ತೆ.

ಐಸಿಯು_ಸಿಸ್ಟರ್:
ಹೌದು. ನಾಜೂಕಿನ ಭಾಗ ಅಂದ್ರೆ ಹೃದಯಕ್ಕೇ ರಕ್ತ ಕೊಡೋ ಸಣ್ಣ ಕರೊನರಿ ನಾಳಗಳನ್ನ ಹೊಸ ಜಾಗಕ್ಕೆ ಜೋಡಿಸೋದು, ಮೊದಲ ಒಂದೆರಡು ದಿನ ಅದನ್ನೇ ಕಾಯ್ತೀವಿ. 1975ರಲ್ಲಿ ಬ್ರೆಜಿಲ್‌ನಲ್ಲಿ ಮೊದಲ ಸಲ ಯಶಸ್ವಿಯಾದ ಆಪರೇಷನ್ ಇದು, ಈಗ ಅನುಭವ ಇರೋ ಸೆಂಟರ್‌ಗಳಲ್ಲಿ 95%ಗಿಂತ ಹೆಚ್ಚು ಮಕ್ಕಳು ಬದುಕ್ತಾರೆ.

ಮೂರ್_ಆಪರೇಷನ್_ಅಪ್ಪ:
ನಮ್ ಮಗನಿಗೆ ಹೃದಯದ ಎಡಭಾಗಾನೇ ಬೆಳೆದಿರ್ಲಿಲ್ಲ, ಹಂತ ಹಂತವಾಗಿ ಮೂರು ಆಪರೇಷನ್, ಐಸಿಯು ಕಾರಿಡಾರ್ ನಮ್ಗೆ ಮನೆ ಆಗೋಗಿತ್ತು. ಬ್ರದರ್ ಒಂದ್ ನೋಟ್‌ಬುಕ್ ಇಡಿ. ರೌಂಡ್ಸ್‌ಗೆ ಬಂದಾಗ ಇವತ್ತು ಏನು ಪ್ಲಾನ್, ನಿಮಗೆ ಯಾವುದರ ಚಿಂತೆ, ಇವೆರಡೂ ಕೇಳಿ ಬರ್ಕೊಳಿ, ರಾತ್ರಿ ಡ್ಯೂಟಿ ಬದಲಾದಾಗ ಗೊಂದಲ ಆದ್ರೆ ಅದೇ ಆಧಾರ. ಇಬ್ರೂ ಒಟ್ಟಿಗೆ ಎಚ್ಚರ ಇರ್ಬೇಡಿ, ಪಾಳಿ ಮಾಡ್ಕೊಳಿ. ನೆಂಟರಿಗೆಲ್ಲಾ ಫೋನಲ್ಲಿ ಹೇಳೋ ಕೆಲ್ಸ ಒಬ್ರಿಗೆ ಒಪ್ಪಿಸಿ, ಹೇಳಿದ್ದೇ ಹೇಳಿ ಜೀವ ಹಣ್ಣಾಗುತ್ತೆ.

ಇನ್ನೊಂದು, ಹೆಂಡ್ತಿ ಅಳು ವಾರಗಟ್ಲೆ ನಿಲ್ಲದೇ ಇದ್ರೆ, ನಿದ್ದೆ ಬರೋ ಅವಕಾಶ ಇದ್ರೂ ಬರ್ದಿದ್ರೆ, ಬಾಣಂತಿ ಅಂತ ಸುಮ್ನಾಗ್ಬೇಡಿ, ಅವ್ರ ಡಾಕ್ಟ್ರಿಗೆ ಹೇಳಿ. ನಿಮ್ಗೂ ಅಷ್ಟೇ, ನಂಗೆ ಮನೆಗೆ ಬಂದ್ಮೇಲೂ ಎಷ್ಟೋ ದಿನ ಮೈಕ್ರೋವೇವ್ ಬೀಪ್ ಕೇಳಿದ್ರೂ ಕೈ ನಡುಗ್ತಿತ್ತು, ಕೌನ್ಸೆಲರ್ ಹತ್ರ ಹೋದ್ಮೇಲೇ ಕಮ್ಮಿ ಆಗಿದ್ದು. ಆಪರೇಷನ್ ದಿನ ಗೊತ್ತಾದ್ರೆ ಇಲ್ಲೇ ಹಾಕಿ, ಅವತ್ತು ಎಷ್ಟ್ ಹೊತ್ತಲ್ಲಿ ಬರೆದ್ರೂ ನಾನು ಉತ್ತರ ಕೊಡ್ತೀನಿ.